ಶೇಂಗಾ ಎಣ್ಣೆಯಿಂದ ಬಹುರಾಷ್ಟ್ರೀಯ ಕಂಪನಿಯವರೆಗೆ: ಒಂದು ಬೋಧನಾ ಕ್ರಮ

ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದ ‘ಅಂತರರಾಷ್ಟ್ರೀಯ ವ್ಯವಹಾರ’ ಘಟಕವನ್ನು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಪ್ರವೇಶ ವಿಧಾನಗಳ ಪಟ್ಟಿಯಿಂದ ಆರಂಭಿಸುತ್ತಾರೆ: ರಫ್ತು-ಆಮದು, ಗುತ್ತಿಗೆ ಉತ್ಪಾದನೆ, ಪರವಾನಗಿ ಮತ್ತು ಫ್ರಾಂಚೈಸಿ, ಜಂಟಿ ಉದ್ಯಮ, ಪೂರ್ಣ ಸ್ವಾಮ್ಯದ ಅಂಗಸಂಸ್ಥೆ. ವಿದ್ಯಾರ್ಥಿಗಳು ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಒಂದು ಕಂಪನಿ ಈ ಐದರಲ್ಲಿ ಒಂದನ್ನೇ ಏಕೆ ಆರಿಸಿಕೊಂಡಿತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆ ‘ಏಕೆ’ಗೆ ಉತ್ತರ ಕೊಡುವುದೇ ಸಿದ್ಧಾಂತದ ಕೆಲಸ.

ಪೂರ್ವಜ್ಞಾನ: ಸರಕು ಬರುವುದು

ನನ್ನಿವಾಳದಂಥ ಊರಿನ ವಿದ್ಯಾರ್ಥಿಗೆ ಶೇಂಗಾ ಬೆಳೆ ಗೊತ್ತು. ‘ಎಣ್ಣೆ ನಗರ’ ಎಂದು ಹೆಸರಾದ ಚಳ್ಳಕೆರೆಯ ಮಿಲ್ಲುಗಳೂ ಗೊತ್ತು. ಅದೇ ಚಳ್ಳಕೆರೆಯ ಕಿರಾಣಿ ಅಂಗಡಿಯಲ್ಲಿ ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬಂದ ಪಾಮ್ ಎಣ್ಣೆ ಶೇಂಗಾ ಎಣ್ಣೆಗಿಂತ ಅಗ್ಗವಾಗಿ ಸಿಗುತ್ತದೆ. ಏಕೆ? ಪಾಠ ಇಲ್ಲಿಂದ ಆರಂಭವಾಗಲಿ.

ಒಂದು ಹೆಕ್ಟೇರ್ ತಾಳೆ ತೋಟ ಕೊಡುವ ಎಣ್ಣೆ ಅಷ್ಟೇ ನೆಲದ ಶೇಂಗಾ ಕೊಡುವುದಕ್ಕಿಂತ ಹಲವು ಪಟ್ಟು ಹೆಚ್ಚು. ಇಷ್ಟಕ್ಕೇ ನಿಲ್ಲಿಸಿದರೆ ಅದು ಆಡಂ ಸ್ಮಿತ್‌ನ ನಿರಪೇಕ್ಷ ಅನುಕೂಲ. ಡೇವಿಡ್ ರಿಕಾರ್ಡೊ 1817ರಲ್ಲಿ ಮಂಡಿಸಿದ ತುಲನಾತ್ಮಕ ಅನುಕೂಲ ಬೇರೆ ಪ್ರಶ್ನೆ ಕೇಳುತ್ತದೆ: ಇದನ್ನು ಬೆಳೆಯಲು ಆ ನೆಲದಲ್ಲಿ ಇನ್ನಾವುದನ್ನು ಬಿಟ್ಟುಕೊಡಬೇಕು? ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಎರಡು ಕಾಲಂಗಳಲ್ಲಿ ಬರೆದು ತೋರಿಸಬೇಕು. ಜೊತೆಗೆ ನೀತಿಯ ಪಾತ್ರವನ್ನೂ ಹೇಳಬೇಕು: ಸರ್ಕಾರಿ ಸಂಸ್ಥೆಯ ಮೂಲಕವೇ ನಡೆಯುತ್ತಿದ್ದ ಪಾಮೋಲಿನ್ ಆಮದು 1994ರಲ್ಲಿ ಖಾಸಗಿ ವ್ಯಾಪಾರಿಗಳಿಗೆ ತೆರೆಯಿತು.

ಮುಖ್ಯ ಕಲಿಕಾಂಶ: ಕಂಪನಿಯೇ ಬರುವುದು

ಎಣ್ಣೆಯ ಉದಾಹರಣೆಯಲ್ಲಿ ಬಂದದ್ದು ಸರಕು. ಬಿಡದಿಯಲ್ಲಿ ಬಂದದ್ದು ಕಾರ್ಖಾನೆ. ಟೊಯೋಟಾ ಜಪಾನಿನಲ್ಲೇ ಕಾರು ತಯಾರಿಸಿ ಹಡಗಿನಲ್ಲಿ ಕಳಿಸಬಹುದಿತ್ತು; 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪಿಸಿದ್ದೇಕೆ? ಜಾನ್ ಡನ್ನಿಂಗ್ 1970ರ ದಶಕದಲ್ಲಿ ರೂಪಿಸಿದ ಒಎಲ್‌ಐ ಮಾದರಿ ಇದನ್ನು ಮೂರು ಪ್ರಶ್ನೆಗಳಾಗಿ ಬಿಡಿಸುತ್ತದೆ.

ಒಂದು, ಸ್ವಾಮ್ಯದ ಅನುಕೂಲ: ಸ್ಥಳೀಯರಲ್ಲಿ ಇಲ್ಲದ್ದು ಕಂಪನಿಯಲ್ಲಿ ಏನಿದೆ? ಟೊಯೋಟಾದ ಉತ್ಪಾದನಾ ಪದ್ಧತಿ ಮತ್ತು ಹೆಸರು.

ಎರಡು, ಸ್ಥಳದ ಅನುಕೂಲ: ಇಲ್ಲಿಯೇ ತಯಾರಿಸುವುದರಿಂದ ಏನು ಲಾಭ? ಬೆಳೆಯುತ್ತಿದ್ದ ಮಾರುಕಟ್ಟೆ, ಸಿದ್ಧ ಕಾರುಗಳ ಆಮದಿನ ಮೇಲಿದ್ದ ಭಾರೀ ಸುಂಕ, ಬೆಂಗಳೂರಿನ ಸುತ್ತಲಿನ ಕುಶಲ ಕಾರ್ಮಿಕರು.

ಮೂರು, ಒಳಗೊಳ್ಳುವಿಕೆಯ ಅನುಕೂಲ: ಪರವಾನಗಿ ಕೊಟ್ಟು ರಾಯಧನ ಪಡೆಯುವ ಬದಲು ತಾನೇ ಏಕೆ ನಡೆಸಬೇಕು? ಕೆಲಸದ ರೂಢಿಯಲ್ಲಿ ಬೆರೆತ ಜ್ಞಾನವನ್ನು ಕರಾರುಪತ್ರದಲ್ಲಿ ಬರೆದುಕೊಡುವುದು ಕಷ್ಟ. ಗುಣಮಟ್ಟ ಕೆಟ್ಟರೆ ಹೆಸರೂ ಕೆಡುತ್ತದೆ.

ಮೊದಲನೆಯದೊಂದೇ ಇದ್ದರೆ ಪರವಾನಗಿ. ಮೊದಲನೆಯದು ಮತ್ತು ಮೂರನೆಯದು ಇದ್ದರೆ ರಫ್ತು. ಮೂರೂ ಇದ್ದರೆ ನೇರ ಹೂಡಿಕೆ. ಮೊದಲು ಬರೆದ ಪಟ್ಟಿಗೆ ಈಗ ಅರ್ಥ ಬರುತ್ತದೆ.

ಬಂದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದು ಕಾರ್ಯತಂತ್ರದ ಪ್ರಶ್ನೆ. ಕ್ರಿಸ್ಟೋಫರ್ ಬಾರ್ಟ್ಲೆಟ್ ಮತ್ತು ಕೋಲ್ಕತ್ತದಲ್ಲಿ ಹುಟ್ಟಿದ ಸುಮಂತ್ರ ಘೋಷಾಲ್ 1989ರಲ್ಲಿ ಎರಡು ಒತ್ತಡಗಳನ್ನು ಎದುರುಬದುರು ಇಟ್ಟರು: ಎಲ್ಲೆಡೆ ಒಂದೇ ರೀತಿ ಮಾಡಿ ಖರ್ಚು ಉಳಿಸುವುದು, ಸ್ಥಳೀಯ ಅಗತ್ಯಕ್ಕೆ ಒಗ್ಗುವುದು. ಟೊಯೋಟಾ 2000ದಲ್ಲಿ ಇಲ್ಲಿ ಬಿಟ್ಟ ಕ್ವಾಲಿಸ್, ಇಂಡೋನೇಷ್ಯಾದ ಕಿಜಾಂಗ್ ವಾಹನದ ಭಾರತೀಯ ರೂಪ. ಎರಡೂ ಒತ್ತಡಗಳ ನಡುವಿನ ದಾರಿಗೆ ಒಳ್ಳೆಯ ಉದಾಹರಣೆ.

ತರಗತಿಯಲ್ಲಿ ಏಳುವ ಪ್ರಶ್ನೆ

ರೈತರ ಮಕ್ಕಳಿರುವ ತರಗತಿಯಲ್ಲಿ ‘ಇವರು ಬಂದದ್ದು ನಮಗೆ ಒಳ್ಳೆಯದೋ ಕೆಟ್ಟದ್ದೋ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಠ್ಯದಲ್ಲಿಲ್ಲವೆಂದು ತಳ್ಳಬಾರದು. 1992ರ ಡಿಸೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ನುಗ್ಗಿದ್ದು ಬೀಜದ ಮೇಲಿನ ಹಕ್ಕಿನ ಪ್ರಶ್ನೆಯಿಂದಲೇ. ಒಎಲ್‌ಐ ಮಾದರಿ ಕಂಪನಿ ಏಕೆ ಬರುತ್ತದೆ ಎಂಬುದನ್ನು ವಿವರಿಸುತ್ತದೆ. ಬಂದದ್ದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ತೀರ್ಪು ಕೊಡುವುದಿಲ್ಲ. ಸಿದ್ಧಾಂತದ ಈ ಮಿತಿಯನ್ನು ಸ್ಪಷ್ಟವಾಗಿ ಹೇಳಿ, ಚರ್ಚೆಗೆ ಐದು ನಿಮಿಷವನ್ನು ಪಾಠಯೋಜನೆಯಲ್ಲೇ ಮೀಸಲಿಡಬೇಕು.

ಮೌಲ್ಯಮಾಪನ

‘ಒಎಲ್‌ಐ ಎಂದರೇನು?’ ಎಂಬ ಪ್ರಶ್ನೆ ನೆನಪನ್ನು ಮಾತ್ರ ಅಳೆಯುತ್ತದೆ. ಬದಲಿಗೆ ಹೀಗೆ ಕೇಳಬಹುದು: ‘ಮೊಳಕಾಲ್ಮೂರಿನ ನೇಕಾರರ ಸಂಘವೊಂದು ತನ್ನ ರೇಷ್ಮೆ ಸೀರೆಯನ್ನು ಸಿಂಗಾಪುರದಲ್ಲಿ ಮಾರಬೇಕಾಗಿದೆ. ಯಾವ ವಿಧಾನ ಸೂಕ್ತ? ಮೂರು ಪ್ರಶ್ನೆಗಳ ಆಧಾರದಲ್ಲಿ ಸಮರ್ಥಿಸಿ.’ ಸೀರೆಗೆ ಭೌಗೋಳಿಕ ಸೂಚ್ಯಂಕದ ರಕ್ಷಣೆಯಿದೆ, ನೇಯ್ಗೆಯ ಕೌಶಲ ಮೊಳಕಾಲ್ಮೂರಿನಲ್ಲೇ ಇದೆ. ಆದ್ದರಿಂದ ರಫ್ತು ಎಂದು ಕಾರಣಸಹಿತ ಬರೆದವರು ಕಲಿತಿದ್ದಾರೆ. ಭೌಗೋಳಿಕ ಸೂಚ್ಯಂಕ ಒಂದೇ ಸಂಘದ ಸ್ವತ್ತಲ್ಲ, ಆ ಪ್ರದೇಶದ ಎಲ್ಲ ನೇಕಾರರದು. ಹಾಗಾದರೆ ಅದು ಸ್ವಾಮ್ಯದ ಅನುಕೂಲವೇ ಎಂದು ಮರುಪ್ರಶ್ನಿಸುವ ವಿದ್ಯಾರ್ಥಿ ಇನ್ನೂ ಒಂದು ಹೆಜ್ಜೆ ಮುಂದಿದ್ದಾನೆ ಎಂದು ತಿಳಿಯಬೇಕು.