ಹುಲ್ಲಿಗಿಂತ ಮೊದಲೇ ಬಂದ ಹಲ್ಲು

ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿ ಆರೇ ಕಾಲೊನಿಯ ಹುಲ್ಲುಗಾವಲು. ಅದಕ್ಕೆ ಅಂಟಿಕೊಂಡೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಹುಲ್ಲಿನ ಬುಡದಲ್ಲಿ ಇಲಿಗಳು, ಅವುಗಳ ಮೇಲೆ ಕಣ್ಣಿಟ್ಟ ಹಾವು, ಗೂಬೆಗಳು. ಇಲಿಗೂ ಹುಲ್ಲಿಗೂ ಈ ನಂಟು ಬೆಳೆದದ್ದು ಯಾವಾಗ? ಇಲ್ಲಿನ ಬಂಡೆಯನ್ನು ಕೇಳಿ ಫಲವಿಲ್ಲ. ಮುಂಬಯಿಯ ಕರಿಕಲ್ಲು ಆರು ಕೋಟಿ ವರ್ಷಗಳಿಗೂ ಹಿಂದೆ ಹರಿದ ಲಾವಾ. ಆಗಿನ್ನೂ ಇಲಿಗಳೇ ಹುಟ್ಟಿರಲಿಲ್ಲ. ಉತ್ತರ ಸಿಕ್ಕಿದ್ದು ಹಿಮಾಲಯದ ತಪ್ಪಲಿನ ಶಿವಾಲಿಕ್ ಪದರಗಳಲ್ಲಿ, ಮುಖ್ಯವಾಗಿ ಈಗ ಪಾಕಿಸ್ತಾನದಲ್ಲಿರುವ ಪೋತ್ವಾರ್ ಪ್ರಸ್ಥಭೂಮಿಯಲ್ಲಿ.

ಅಲ್ಲಿ ಸಂಶೋಧಕರು ರಾಶಿಗಟ್ಟಲೆ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಎರಡು ಮಿಲಿಮೀಟರ್ ಆಸುಪಾಸಿನ ದವಡೆಹಲ್ಲುಗಳನ್ನು ಹೆಕ್ಕಿದರು. ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದಿನ ಆಂಟೆಮಸ್ ಎಂಬ ಇಲಿಯ ಮೇಲ್ದವಡೆಯ ಹಲ್ಲಿನಲ್ಲಿ, ಒಳಬದಿಯ ಉಬ್ಬುಗಳು ಉಳಿದವುಗಳಿಂದ ಬೇರೆಯಾಗಿ ನಿಂತಿವೆ. ಸುಮಾರು 1 ಕೋಟಿ 10 ಲಕ್ಷ ವರ್ಷಗಳ ಹಿಂದಿನ ಪ್ರೊಗೊನೊಮಿಸ್‌ನಲ್ಲಿ ಅವೇ ಉಬ್ಬುಗಳು ಸಾಲು ಸೇರಿ, ಬಾಗಿದ ಅಡ್ಡ ಏಣುಗಳಾಗಿವೆ. ದವಡೆಯನ್ನು ಹಿಂದೆ ಮುಂದೆ ಎಳೆದು ಅಗಿಯುವಾಗ ಈ ಏಣುಗಳು ಬಡಗಿಯ ಅರದಂತೆ ತೇಯುತ್ತವೆ. ನಮ್ಮ ಮನೆಯಿಲಿಯ ಹಲ್ಲಿನ ವಿನ್ಯಾಸವೂ ಮೂಲತಃ ಇದೇ.

ಹವಾಮಾನ ಹೊರಳಿದ್ದು ಆಮೇಲೆ. ಸುಮಾರು 80 ಲಕ್ಷ ವರ್ಷಗಳ ಹಿಂದಿನಿಂದ ಅಲ್ಲಿ ಒಣಗಾಲದ ಬಿಗಿ ಹೆಚ್ಚಿತು, ಕಾಡು ಚದುರಿತು, ಹುಲ್ಲು ಹಬ್ಬಿತು. ಇದಕ್ಕೆ ಸಾಕ್ಷಿ ಇಂಗಾಲ. ಆ ಹುಲ್ಲು ಮತ್ತು ರಾಗಿ, ಜೋಳ, ಕಬ್ಬು ಸೇರಿದ ಸಿ4 ಎಂಬ ಸಸ್ಯಗುಂಪಿನಲ್ಲಿ, ಇಂಗಾಲದ ಭಾರವಾದ ರೂಪ ಕಾರ್ಬನ್-13ರ ಪ್ರಮಾಣ ಭತ್ತ ಮತ್ತು ಮರಗಳಿಗಿಂತ ತುಸು ಹೆಚ್ಚು. ಜೇ ಕ್ವೇಡ್, ಥೂರೆ ಸರ್ಲಿಂಗ್ ಮತ್ತು ಸಂಗಡಿಗರು ಶಿವಾಲಿಕ್‌ನ ಪ್ರಾಚೀನ ಮಣ್ಣಿನ ಸುಣ್ಣದ ಗಂಟುಗಳಲ್ಲಿ ಈ ಏರಿಕೆಯನ್ನು ಗುರುತಿಸಿ 1989ರಲ್ಲಿ ಪ್ರಕಟಿಸಿದರು. ಮುಂದೆ ಯೂರಿ ಕಿಮುರಾ ಮತ್ತು ಸಂಗಡಿಗರು ಇಲಿಹಲ್ಲಿನ ಎನಾಮಲ್ಲನ್ನೇ ಪರೀಕ್ಷಿಸಿದಾಗ ಅದರಲ್ಲೂ ಹುಲ್ಲಿನ ಗುರುತು ಕಂಡಿತು.

ನನ್ನನ್ನು ಬಹುವಾಗಿ ಸೆಳೆಯುವುದು ಈ ಅನುಕ್ರಮ. ಹಲ್ಲು ಮೊದಲು, ಹುಲ್ಲು ಆಮೇಲೆ. ಹವಾಮಾನ ಇಲಿಗೆ ಹೊಸ ಹಲ್ಲನ್ನು ಕೊಡಲಿಲ್ಲ. ಇದ್ದ ಹಲ್ಲಿಗೆ ಹೊಸ ಬಯಲನ್ನು ತೆರೆಯಿತು. ಆ ಬಯಲಿನಲ್ಲಿ ಇಲಿಗಳ ಸಂತತಿ ಪ್ರಬಲವಾಯಿತು.

ಕಾಡನ್ನೇ ನೆಚ್ಚಿಕೊಂಡವುಗಳ ಪಾಡು ಬೇರೆ. ಬೆನ್ನ ಮೇಲೆ ಮುಳ್ಳುಗೂದಲು, ಬಾಲದ ತುದಿಗೆ ಕುಚ್ಚು ಇರುವ ಪ್ಲಾಟಕ್ಯಾಂತೋಮಿಸ್ ಎಂಬ ಪುಟ್ಟ ದಂಶಕ ಇಂದು ಪಶ್ಚಿಮಘಟ್ಟದ ಕಾಡುಗಳಲ್ಲಷ್ಟೇ ಇದೆ. ನಮ್ಮ ಕೊಡಗಿನಲ್ಲೂ ಉಂಟು. ಇದೇ ಕುಲದ ಪಳೆಯುಳಿಕೆ ದೂರದ ಚೀನಾದ ಯುನ್ನಾನ್‌ನಲ್ಲಿ ಸಿಕ್ಕಿದೆ. ಒಂದು ಕಾಲಕ್ಕೆ ಅಷ್ಟು ದೂರ ಹರಡಿದ್ದ ಕುಲ ಈಗ ಘಟ್ಟದ ಹಳೆಯ ಮರಗಳ ಪೊಟರೆಗಳನ್ನು ಆಶ್ರಯಿಸಿದೆ.

ಶಿವಾಲಿಕ್‌ನಲ್ಲಿ ಕಾಡು ಹುಲ್ಲಾಗಲು ಸುಮಾರು ಇಪ್ಪತ್ತು ಲಕ್ಷ ವರ್ಷ ಹಿಡಿಯಿತು. ನಾವು ಕಾಡನ್ನು ಕೆಲವೇ ದಶಕಗಳಲ್ಲಿ ಬಯಲು ಮಾಡುತ್ತಿದ್ದೇವೆ, ಗಾಳಿಯನ್ನೂ ಬಿಸಿಮಾಡುತ್ತಿದ್ದೇವೆ. ಹೆಗ್ಗಣ, ಮನೆಯಿಲಿಗಳು ಹೇಗೂ ಬದುಕಿಕೊಳ್ಳುತ್ತವೆ. ಪೊಟರೆಯ ಜೀವಿಗೆ ಅಷ್ಟು ಬೇಗ ಇನ್ನೊಂದು ಬದುಕು ಕಲಿಯಲಾಗದು. ಅದು ಉಳಿಯಬೇಕಾದರೆ ಹಳೆಯ ಮರಗಳು ನಿಂತಿರಲೇಬೇಕು.