ಆಫ್ ಆಗದ ಸ್ವಿಚ್ಚು

ಷಿಕಾಗೊದ ತಳಿವಿಜ್ಞಾನಿ ಜಾನೆಟ್ ರೌಲಿ ಮನೆಯ ಊಟದ ಮೇಜಿನ ಮೇಲೆ ವರ್ಣತಂತುಗಳ ಫೋಟೊ ಹರಡಿಕೊಂಡು, ಒಂದೊಂದನ್ನೇ ಕತ್ತರಿಸಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಿದ್ದಾಳೆಂದು ಮಕ್ಕಳಿಗೆ ತಮಾಷೆ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ಒಂದು ವರ್ಣತಂತು ಮೊಟಕಾಗಿರುವುದನ್ನು ಫಿಲಡೆಲ್ಫಿಯಾದಲ್ಲಿ ನೊವೆಲ್ ಮತ್ತು ಹಂಗರ್‌ಫೋರ್ಡ್ 1960ರಲ್ಲೇ ಕಂಡಿದ್ದರು. ಕಳೆದ ತುಂಡು ಎಲ್ಲಿ ಹೋಯಿತೆಂದು 1973ರಲ್ಲಿ ಹೇಳಿದವರು ರೌಲಿ: 22ನೆಯ ವರ್ಣತಂತುವಿನ ತುಂಡು 9ಕ್ಕೆ, 9ರದು 22ಕ್ಕೆ ಅಂಟಿಕೊಂಡಿತ್ತು.

ಆ ಬೆಸುಗೆಯಲ್ಲಿ ಬಿಸಿಆರ್ ಮತ್ತು ಎಬಿಎಲ್ ಎಂಬ ಎರಡು ಜೀನುಗಳು ಒಂದಾಗುತ್ತವೆ. ಎಬಿಎಲ್ ತಯಾರಿಸುವ ಕಿಣ್ವದ ಕೆಲಸ ಸಣ್ಣದು. ಎಟಿಪಿ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುವುದು. ಕೋಶದೊಳಗೆ ಸಂದೇಶವೆಂದರೆ ಇಷ್ಟೇ. ಆರೋಗ್ಯವಂತ ಕೋಶದಲ್ಲಿ ಈ ಸ್ವಿಚ್ಚು ಬಹುಪಾಲು ಆಫ್. ಬೆಸುಗೆಯಾದ ಮೇಲೆ ಸದಾ ಆನ್. ಪಂಪ್‌ಸೆಟ್ಟಿಗೆ ಆಟೊ ಸ್ಟಾರ್ಟರ್ ಹಾಕಿ ಮಲಗುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಗೆ ನೀರು ಬೇಕೋ ಬೇಡವೋ, ಮೋಟಾರಿಗೆ ಅದೆಲ್ಲ ತಿಳಿಯದು.

ಇಲ್ಲಿಂದ ಸಂದೇಶ ಕವಲೊಡೆಯುತ್ತದೆ. ರಾಸ್ ಪ್ರೋಟೀನಿನ ದಾರಿ ಹಿಡಿದದ್ದು 'ಒಡೆದು ಎರಡಾಗು' ಎನ್ನುತ್ತದೆ. ಸ್ಟ್ಯಾಟ್5 ಮತ್ತು ಪಿಐ3ಕೆ ದಾರಿಯದು 'ಸಾಯಬೇಡ' ಎನ್ನುತ್ತದೆ. ನನಗೆ ಭಯ ಹುಟ್ಟಿಸುವುದು ಎರಡನೆಯದೇ. ಕೆಟ್ಟ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವುದು ದೇಹದ ಹಳೆಯ ಕಟ್ಟುಪಾಡು. ಅದು ಮುರಿದರೆ ಬಿಳಿ ರಕ್ತಕಣಗಳು ಹುಟ್ಟುತ್ತಲೇ ಇರುತ್ತವೆ, ಹೋಗುವುದಿಲ್ಲ.

ಇಮ್ಯಾಟಿನಿಬ್ ಎಂಬ ಮಾತ್ರೆ ಈ ಕಿಣ್ವದಲ್ಲಿ ಎಟಿಪಿ ಬಂದು ಕೂರುವ ಗುಳಿಯಲ್ಲೇ ಕೂತು ಸ್ವಿಚ್ಚು ಆರಿಸುತ್ತದೆ. 1998ರಲ್ಲಿ ಅಮೆರಿಕದ ವೈದ್ಯ ಬ್ರಯಾನ್ ಡ್ರೂಕರ್ ಶುರು ಮಾಡಿದ ಪ್ರಯೋಗದಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಜನರ ರಕ್ತಕಣಗಳ ಎಣಿಕೆ ಹತೋಟಿಗೆ ಬಂತು. 2001ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಇದರ ಪೇಟೆಂಟ್ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2013ರ ಏಪ್ರಿಲ್ 1ರಂದು ಮಾತ್ರೆಯ ಮೂಲ ಕಂಪನಿ ನೊವಾರ್ಟಿಸ್ ಸೋತಿತು. ಅಗ್ಗದ ಜೆನೆರಿಕ್ ಮಾತ್ರೆಗಳು ಅಂಗಡಿಯಲ್ಲಿ ಉಳಿದವು.

ಕ್ಯಾನ್ಸರ್ ಸುಮ್ಮನಿರಲಿಲ್ಲ. ಕಿಣ್ವದ 315ನೆಯ ಜಾಗದಲ್ಲಿ ಥ್ರಿಯೋನಿನ್ ಎಂಬ ಅಮೈನೊ ಆಮ್ಲದ ಬದಲು ಐಸೊಲ್ಯೂಸಿನ್ ಬಂದರೆ ಸಾಕು, ಮಾತ್ರೆಗೆ ಆ ಗುಳಿಯಲ್ಲಿ ಜಾಗವಿಲ್ಲ. ಅದಕ್ಕೆಂದೇ ಪೊನಾಟಿನಿಬ್ ಎಂಬ ಇನ್ನೊಂದು ಮಾತ್ರೆ ಬಂತು. ಇನ್ನೊಂದು ತೊಡಕು ಅಸ್ಥಿಮಜ್ಜೆಯ ಕಾಂಡಕೋಶಗಳದು. ಅವುಗಳಲ್ಲಿ ಕೆಲವು ಈ ಸ್ವಿಚ್ಚು ಆರಿಸಿದರೂ ಬದುಕುತ್ತವೆ. ವರ್ಷಗಟ್ಟಲೆ ರೋಗದ ಸುಳಿವೇ ಇಲ್ಲದವರಿಗೆ ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ನೋಡಿದಾಗ, ಸರಿಸುಮಾರು ಅರ್ಧದಷ್ಟು ಜನರಲ್ಲಿ ರೋಗ ಮರಳಿತು. ಅವರು ಮತ್ತೆ ಮಾತ್ರೆ ನುಂಗತೊಡಗಿದರು. ಬಹುತೇಕರಲ್ಲಿ ಅದು ಮತ್ತೆ ಕೆಲಸ ಮಾಡಿತು.