ನಿಮಗಿದು ಗೊತ್ತೆ? ಕಡ್ಡಿ ಗೀರದೆ ಗವಿಯಲ್ಲಿ ಪಂಜು

ಚೆನ್ನಬಸವಣ್ಣನವರು ಐಕ್ಯರಾದ ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಆಕಳ ಗವಿ, ಮಹಾಮನೆ ಗವಿಯಂಥ ಕಲ್ಲುಗವಿಗಳಿವೆ. ಅಲ್ಲಿ ಪಂಜು ಉರಿಯುವ ಚಿತ್ರ ಬೇಕೆ? ಆದರೆ ಸುತ್ತಮುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿದೆ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ಆ ಉರಿಯನ್ನು ಕಂಪ್ಯೂಟರಿನಲ್ಲೇ, ಫೋಟೊಶಾಪ್‌ನಂಥ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಹೊತ್ತಿಸಬಹುದು.

ಕತ್ತಲಲ್ಲಿ ತೆಗೆದ ಜ್ವಾಲೆಯ ಫೋಟೊವನ್ನು ಗವಿಯ ಚಿತ್ರದ ಮೇಲೆ ಇನ್ನೊಂದು ಲೇಯರ್ (ಪದರ) ಆಗಿ ಇಟ್ಟು, ಬ್ಲೆಂಡ್ ಮೋಡನ್ನು (ಪದರಗಳು ಬೆರೆಯುವ ಬಗೆಯನ್ನು) 'ಸ್ಕ್ರೀನ್' ಮಾಡಿದರೆ ಕಪ್ಪು ಪೂರ್ತಿ ಮಾಯವಾಗಿ ಬೆಂಕಿ ಮಾತ್ರ ಉಳಿಯುತ್ತದೆ. ಕತ್ತರಿಸುವ ಕೆಲಸವೇ ಇಲ್ಲ! ಈ ಮೋಡ್ ಬೆಳಕನ್ನು ಕೂಡಿಸುತ್ತದೆಯೇ ಹೊರತು ಎಂದೂ ಕಳೆಯುವುದಿಲ್ಲ: ಶೇ 50ರ ಬೂದು ಮೇಲೆ ಶೇ 50ರ ಬೂದು ಇಟ್ಟರೆ ಸಿಗುವುದು ಶೇ 75ರ ಹೊಳಪು.

ಹೆಚ್ಚಿನವರು ಎಡವುವುದು ಇದರ ಮುಂದೆ. ಜ್ವಾಲೆ ಚೆನ್ನಾಗಿದ್ದರೂ ಪಕ್ಕದ ಬಂಡೆ ತಣ್ಣಗೆ ಕೂತಿದ್ದರೆ ಕಣ್ಣು ನಂಬುವುದಿಲ್ಲ. ಮತ್ತೊಂದು ಲೇಯರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ಕಿತ್ತಳೆ ಬೆಳಕನ್ನು ಕಲ್ಲಿಗೆ ಸವರಲೇಬೇಕು. ದೂರ ಎರಡು ಪಟ್ಟಾದರೆ ಸಣ್ಣ ಜ್ವಾಲೆಯ ಬೆಳಕು ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಬಣ್ಣ ಬೇಗ ಮಾಸಬೇಕು. ಜ್ವಾಲೆಯ ಹಳದಿ ಬರುವುದು ಕಾದು ಹೊಳೆಯುವ ಮಸಿಯ ಕಣಗಳಿಂದ. ಕಪ್ಪು ಹೊಗೆಗೆ ಮಾತ್ರ 'ಸ್ಕ್ರೀನ್' ನಡೆಯದು, ಚಿತ್ರವನ್ನು ಕಪ್ಪಾಗಿಸುವ 'ಮಲ್ಟಿಪ್ಲೈ' ಮೋಡ್ ಬೇಕು.

ಫೋಟೊಶಾಪ್‌ಗೆ ಲೇಯರ್‌ಗಳು ಬಂದದ್ದು 1994ರಲ್ಲಿ, ಅದರ 3.0 ಆವೃತ್ತಿಯೊಂದಿಗೆ. ಇಷ್ಟೆಲ್ಲವನ್ನೂ ಉಚಿತ ತಂತ್ರಾಂಶ ಗಿಂಪ್‌ನಲ್ಲೂ ಮಾಡಬಹುದು.